ಬಚ್ಚಲಿನ ಓರೆ ನೆಲ ಮತ್ತು ಬೆಣೆಯಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಬಚ್ಚಲಿನಲ್ಲಿ ಬೆಣೆಯಣ್ಣ ಮಂಡಿಯೂರಿ, ಕೆನ್ನೆಯನ್ನು ತಣ್ಣನೆಯ ನೆಲಕ್ಕೆ ಹಚ್ಚಿ, ಕಮೋಡಿನ ಬುಡವನ್ನು ಒಂಟಿಗಣ್ಣಲ್ಲಿ ನೋಡುತ್ತಿದ್ದಾರೆ. ಮನೆಯಲ್ಲಿ ಇರುವುದು ಇದೊಂದೇ. ಬಾಗಿಲ ಹೊರಗೆ ಯಜಮಾನರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ, "ಇನ್ನೆಷ್ಟು ಹೊತ್ತಣ್ಣ?" ಅನ್ನುತ್ತಾರೆ.

"ಪಕ್ಕದ ಮನೆಯವರನ್ನ ಮಾತಾಡಿಸ್ಕೊಂಡು ಬನ್ನಿ ಸಾರ್. ಸ್ನೇಹ ಬೆಳೆಸೋಕೆ ಇದಕ್ಕಿಂತ ಒಳ್ಳೆ ಕಾರಣ ಸಿಗಲ್ಲ."

ಪ್ಲಂಬರ್‌ಗಳು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ ಕೂತರೆ ಅಲ್ಲಾಡುವ ಕಮೋಡಿಗೆ ಮಾತ್ರ ಜನ ಹುಡುಕುವುದು ಇವರನ್ನೇ. ಅಂಗಿಯ ಜೇಬಿನಲ್ಲಿ ಸದಾ ತೆಳ್ಳನೆಯ ಪ್ಲಾಸ್ಟಿಕ್ ಬೆಣೆಗಳು ಗಲಗಲ ಅನ್ನುತ್ತಿರುವುದರಿಂದ ಬಂದ ಹೆಸರು ಬೆಣೆಯಣ್ಣ. ಸ್ವಂತ ಹೆಸರನ್ನು ಈಗ ಹೆಂಡತಿಯೂ ಮರೆತಂತಿದೆ.

"ಬಚ್ಚಲು ಅಂದ್ಮೇಲೆ ನೀರು ಹರಿಯೋಕೆ ನೆಲ ಓರೆ ಇರ್ಲೇಬೇಕು. ಕಮೋಡಿನ ಬುಡ ನೋಡಿದ್ರೆ ಸಮ. ಇವೆರಡಕ್ಕೂ ರಾಜಿ ಮಾಡಿಸೋದೇ ನನ್ನ ಕೆಲಸ," ಎನ್ನುತ್ತಾ ಅವರು ಸಂದಿಗೆ ಒಂದು ಬೆಣೆ ತೂರಿಸುತ್ತಾರೆ. ಕಮೋಡನ್ನು ಎರಡೂ ಕೈಯಿಂದ ಆಡಿಸಿ ನೋಡುತ್ತಾರೆ. ಇನ್ನೂ ಕುಲುಕುತ್ತದೆ. ಮತ್ತೊಂದು ಬೆಣೆ. ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬಂದು ನಿಂತ ಮೇಲೆಯೇ ಬೋಲ್ಟಿಗೆ ಕೈ ಹಾಕುವುದು. ಅದನ್ನೂ ಒಂದೇ ಏಟಿಗೆ ಬಿಗಿಯುವುದಿಲ್ಲ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ. ಅವಸರಪಟ್ಟರೆ ಪಿಂಗಾಣಿ ಬಿರುಕು ಬಿಡುತ್ತದೆ. ಕೊನೆಗೆ ಬೆಣೆಯ ಉಳಿದ ತುದಿಗಳನ್ನು ಕತ್ತರಿಸಿ, ಸುತ್ತಲೂ ಅಂಟು ಎಳೆದು, ಹಿಂಬದಿಯಲ್ಲಿ ಮಾತ್ರ ಚೂರು ಜಾಗ ಬಿಡುತ್ತಾರೆ. ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಬಂದು ಗೊತ್ತಾಗಲಿ ಅಂತ.

ಇದನ್ನೆಲ್ಲ ಅವರು ಮೊದಲು ಮಾಡುತ್ತಿದ್ದದ್ದು ತಮ್ಮನ ಜೊತೆ. ಅಪ್ಪ ಬೇಗ ತೀರಿಕೊಂಡಾಗ ಅಣ್ಣ ಇಟ್ಟಿಗೆ ಹೊರಲು ಹೋದರು, ಆಮೇಲೆ ಪೈಪಿನ ಕೆಲಸಕ್ಕೆ. ತಮ್ಮ ದೊಡ್ಡವನಾಗುತ್ತಲೇ ಅವನನ್ನೂ ಕರೆದುಕೊಂಡರು. ವರ್ಷಗಟ್ಟಲೆ ಒಂದೇ ಸ್ಕೂಟರು, ಒಂದೇ ಬುತ್ತಿ. ತಮ್ಮನ ಕೈ ಚುರುಕು, ಅಣ್ಣನ ಕೈ ನಿಧಾನ. ಅವನಿಗೆ ಬೆಣೆಯ ತಾಪತ್ರಯವೇ ಬೇಡ. ಸಂದಿಗೆ ಸಿಮೆಂಟು ತುರುಕಿ ಮುಂದಿನ ಮನೆಗೆ ಹೊರಡುವ ಆತುರ.

ಹೊಸ ಕಟ್ಟಡವೊಂದರಲ್ಲಿ ಅವನು ಹಾಗೆ ಕೂರಿಸಿದ ಕಮೋಡು ಬಿರುಕು ಬಿಟ್ಟಿತು. ಮೇಸ್ತ್ರಿ, ಗಾರೆಯವರು, ಮನೆಯವರು ಎಲ್ಲರೂ ನಿಂತಿದ್ದಾಗಲೇ ಅಣ್ಣ ಸಿಡಿದರು: "ನಿನಗೆ ಈ ಕೆಲಸ ಕಲಿಸಿದ್ದೇ ತಪ್ಪಾಯ್ತು. ಮಣ್ಣು ಹೊರೋಕೆ ಹೋಗು!" ಯಾರೋ ನಕ್ಕರು. ತಮ್ಮ, ಕೈಲಿದ್ದ ಸ್ಪ್ಯಾನರನ್ನು ಸದ್ದಾಗದಂತೆ ನೆಲದ ಮೇಲಿಟ್ಟು ಮೆಟ್ಟಿಲಿಳಿದು ಹೋದ.

"ನಾನು ಹೇಳಿದ್ದೇನೋ ಸರಿ. ಹೇಳಿದ ಜಾಗ ಸರಿ ಇರ್ಲಿಲ್ಲ," ಬೆಣೆಯಣ್ಣ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ. "ಸಂಜೆ ಹೋಗಿ ಒಂದು ಮಾತು ಆಡಿದ್ರೆ ಮುಗೀತಿತ್ತು. ಅವನೇ ಬರ್ಲಿ ಅಂತ ನಾನು, ನಾನೇ ಬರ್ಲಿ ಅಂತ ಅವನು."

ಹತ್ತು ಹನ್ನೆರಡು ವರ್ಷ ಹೀಗೇ ಕಳೆಯಿತು. ತಮ್ಮ ಬೇರೆಯಾಗಿ ಕೆಲಸ ಮಾಡಿದ. ಅವನು ಕೂರಿಸಿದ್ದನ್ನು ರಿಪೇರಿ ಮಾಡಲು ಎಷ್ಟೋ ಮನೆಯವರು ಇವರನ್ನೇ ಕರೆದರು. "ಯಾರಣ್ಣ ಮಾಡಿದ್ದು ಇದನ್ನ?" ಎಂದರೆ, "ಯಾರೋ ಏನೋ, ನೆಲಾನೇ ಕೆಟ್ಟದಾಗಿದೆ ಬಿಡಿ," ಅನ್ನುತ್ತಿದ್ದರು.

ಹೋದ ವರ್ಷ ನೀರಿನ ಟ್ಯಾಂಕಿನ ಏಣಿಯಿಂದ ತಮ್ಮ ಬಿದ್ದ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಮ್ಮನ ಹೆಂಡತಿ ಫೋನು ಮಾಡಿದಳು. "ಭಾವ, ನಮ್ಮನೆ ಕಮೋಡು ಅಲ್ಲಾಡುತ್ತೆ. ಅವರಿಗೆ ಕೂರೋಕೆ ಭಯ. ಬೇರೆಯವರನ್ನ ಕರೀತೀನಿ ಅಂದ್ರೆ ಬೇಡ ಅಂತಾರೆ. ನಿಮ್ಮನ್ನ ಕರಿ ಅಂತಾನೂ ಹೇಳಲ್ಲ."

ಅವರು ಮರುದಿನ ಬೆಳಗಾಗುವ ಮೊದಲೇ ಹೋದರು. ಕಮೋಡನ್ನು ಎತ್ತಿ ಬದಿಗಿಟ್ಟರೆ ಕೆಳಗೆ ತುರುಕಿದ್ದ ಸಿಮೆಂಟೆಲ್ಲ ಪುಡಿ ಪುಡಿ. ಉಳಿ ಹಿಡಿದು ಕೆರೆಯತೊಡಗಿದರು. ಗೋಡೆಯಾಚೆ ಮಂಚದಿಂದ ಧ್ವನಿ ಬಂತು.

"ಪುಡಿಯಾಗಿದ್ಯಾ ಅಣ್ಣ?"

ಅಷ್ಟು ವರ್ಷಗಳ ಮೇಲೆ ಕೇಳಿದ ಮೊದಲ ಮಾತು. ಬಾಗಿಲಲ್ಲಿ ನಿಂತ ತಮ್ಮನ ಹೆಂಡತಿ ನೆಲವನ್ನೂ ಭಾವನ ಮುಖವನ್ನೂ ನೋಡಿದಳು.

"ಸ್ವಲ್ಪ," ಅಂದರು ಬೆಣೆಯಣ್ಣ. "ಉಳಿದದ್ದು ಗಟ್ಟಿಯಾಗೇ ಇದೆ. ಪುಡಿಯಾಗಿರೋದು ಸ್ವಲ್ಪ."

ಕೆಲಸ ಮುಗಿದ ಮೇಲೆ ತಮ್ಮನ ತೋಳು ಹಿಡಿದು ಅವರೇ ಕರೆತಂದು ಕೂರಿಸಿದರು. ಗಟ್ಟಿಮುಟ್ಟಾಗಿದ್ದ ಮೈ ಕಡ್ಡಿಯಾಗಿತ್ತು. ತಮ್ಮ ಗೋಡೆ ಹಿಡಿದು, ಹೆದರುತ್ತಾ ಮೈಭಾರ ಬಿಟ್ಟ. "ಅಲ್ಲಾಡ್ತಿಲ್ಲ," ಅಂದ. ಅಷ್ಟೇ. ಇಬ್ಬರೂ ಹಳೆಯದನ್ನು ಎತ್ತಲಿಲ್ಲ.

ಈಗ ಕೆಲಸ ಮುಗಿಸಿ ದಿನಾ ಅಲ್ಲಿಗೆ ಹೋಗುತ್ತಾರೆ. ಅವತ್ತಿನ ನೆಲ ಹೇಗಿತ್ತು, ಎಷ್ಟು ಬೆಣೆ ಹಿಡಿಯಿತು ಅಂತ ಹೇಳುತ್ತಾರೆ. ತಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ, ಒಮ್ಮೊಮ್ಮೆ ನಗುತ್ತಾನೆ. ಇನ್ನು ಮೆಟ್ಟಿಲು ಹತ್ತುವ ಕೆಲಸ ಅವನಿಂದಾಗದು ಎಂದು ಡಾಕ್ಟರು ಹೇಳಿಯಾಗಿದೆ.

"ಮನೇಲಿ ಕ್ಷಮಿಸು ಅಂತ ಹೇಳಬಹುದು. ನಾಲಿಗೆ ತುದೀಗೆ ಬರುತ್ತೆ," ಎನ್ನುತ್ತಾ ಬೆಣೆಯಣ್ಣ ಸಾಮಾನಿನ ಚೀಲ ಹೆಗಲಿಗೇರಿಸುತ್ತಾರೆ. "ಆದ್ರೆ ನಾನು ಬೈದಿದ್ದು ನಾಲ್ಕು ಜನರ ಮುಂದೆ. ನೆಲಮಹಡೀದೋ ಅಂಗಳದ್ದೋ, ಮೆಟ್ಟಿಲಿಲ್ಲದ ಒಂದು ಮನೆ ಕೆಲಸ ಸಿಗ್ಲಿ ಅಂತ ಕಾಯ್ತಿದ್ದೀನಿ. ಕುರ್ಚಿ ಹಾಕಿ ಅವನನ್ನ ಪಕ್ಕದಲ್ಲಿ ಕೂರಿಸ್ಕೋತೀನಿ. ಅಲ್ಲಿದ್ದೋರಿಗೆಲ್ಲ ಕೇಳೋ ಹಾಗೆ ಹೇಳ್ಬೇಕು, ಇವನು ನನ್ನ ತಮ್ಮ, ನನ್ನ ಜೊತೆ ಕೆಲಸ ಮಾಡ್ತಾನೆ ಅಂತ."