ಬೂಟುಗಾಲಿನ ಹೀರೋ ಮತ್ತು ಉಪ್ಪಿಟ್ಟು

ಅಡುಗೆಮನೆಯಿಂದ ರವೆ ಹುರಿಯುವ ವಾಸನೆ ಬರುತ್ತಿದ್ದಾಗಲೇ ಫೋನಿನಲ್ಲಿ ಸುದ್ದಿ ನೋಡಿದೆ. ಹಿಂದೆ ನಾನೂ ದೊಡ್ಡಮ್ಮನೂ ಆಡುತ್ತಿದ್ದ ಆ ಗುಹೆ, ಗುಡಿ, ನಿಧಿಯ ಗೇಮನ್ನು ಕಂಪನಿಯವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರಂತೆ. ಹೀರೋಗೆ ಮತ್ತೆ ಇಪ್ಪತ್ತು ವರ್ಷ. ನನಗೆ ಆ ಸೌಲಭ್ಯವನ್ನು ಯಾರೂ ಕೊಟ್ಟಿಲ್ಲ, ಮಂಡಿನೋವು ಹಾಗೇ ಇದೆ. ರವೆಗೂ ಇದಕ್ಕೂ ಏನು ಸಂಬಂಧ ಎಂದಿರಾ? ಇದೆ, ಕೇಳಿ.

ತೊಂಬತ್ತರ ದಶಕದ ಕೊನೆಯಲ್ಲಿ ಒಂಟಿಕೊಪ್ಪಲಿನ ನಮ್ಮ ಮನೆಗೆ ನನ್ನ ಓದಿಗೆಂದು ಕಂಪ್ಯೂಟರ್ ಬಂತು. ಓದಿಗೆ ಅದು ಒದಗಿದ್ದು ಅಷ್ಟರಲ್ಲೇ ಇದೆ. ಕಳೆದುಹೋದ ತಾಯಿಯನ್ನು ಹುಡುಕುತ್ತ ಹಾರಾಡುವ ಆ ಗೇಮಿನ ಹೀರೋನನ್ನು ನಮ್ಮ ಜೊತೆಗೇ ಇದ್ದ ದೊಡ್ಡಮ್ಮ ನನ್ನಿಂದ ಕಿತ್ತುಕೊಂಡರು. ಅವರೇಕಾಯಿ ಸುಲಿದ ಕೈಯನ್ನು ಸೆರಗಿಗೆ ಒರೆಸಿ, ಒಂದೇ ಬೆರಳಲ್ಲಿ ಆಡಿ, ನನಗಿಂತ ಮುಂದೆ ಹೋದರು. ಅಡ್ಡ ಬಂದ ತೋಳಗಳ ಮೇಲಂತೂ ದಯೆಯಿಲ್ಲದೆ ಗುಂಡು ಹಾರಿಸಿದರು.

ಕೊನೆಯ ಬಾಗಿಲ ಮುಂದೆ ಕಲ್ಲಿನ ಬಸವ. ಅದರ ಬೆನ್ನೇರಿ ಹಾರಿದರೆ ಒಳಗೆ ತಾಯಿ. ದೊಡ್ಡಮ್ಮ ಕೀಲಿಮಣೆಯಿಂದ ಬೆರಳು ತೆಗೆದರು.

"ಬೂಟು ಹಾಕ್ಕೊಂಡು ಬಸವಣ್ಣನ ಮೇಲೆ ಹತ್ತೋದಾ? ಬಿಚ್ಚಕ್ಕೆ ಹೇಳೋ."

"ಅದಕ್ಕೆ ಬಟನ್ ಇಲ್ಲ ದೊಡ್ಡಮ್ಮ."

"ಇಲ್ದಿದ್ರೆ ಬೇಡ ಬುಡು."

ಆರು ತಿಂಗಳು ಹೀರೋ ಅಲ್ಲೇ ನಿಂತ. ದಿನಾ ಅವನಿಂದ ಬಸವನಿಗೆ ಮೂರು ಪ್ರದಕ್ಷಿಣೆ ಹಾಕಿಸಿ ದೊಡ್ಡಮ್ಮ ಕಂಪ್ಯೂಟರ್ ಆರಿಸುತ್ತಿದ್ದರು. ಆದರೆ ಆ ತಾಯಿ ಸಿಗುತ್ತಾಳೋ ಇಲ್ಲವೋ ಎಂಬ ಕೊರಗು ಅವರನ್ನು ಬಿಡಲಿಲ್ಲ. ಐದನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡವರು ಅವರು. ಕೊನೆಗೊಂದು ದಿನ ಅವರು ಮಠಕ್ಕೆ ಹೋದಾಗ, ಪಾಪ ನನಗೇ ಇರಲಿ ಎಂದು ಬಸವನ ಬೆನ್ನೇರಿದೆ. ಒಳಗಿದ್ದದ್ದು ತಾಯಿಯ ಸಮಾಧಿ. ಕಂಪ್ಯೂಟರ್ ಆರಿಸಿ, ದೊಡ್ಡಮ್ಮ ಬಂದ ಕೂಡಲೇ ಬಾಗಿಲಿಗೆ ಓಡಿದೆ.

"ಸಿಕ್ಕಿದ್ಲು ದೊಡ್ಡಮ್ಮ, ಚೆನ್ನಾಗಿದ್ದಾಳೆ. ತಿಂಡಿನೂ ಕೊಟ್ಲು" ಎಂದೆ.

"ಏನ್ ಮಾಡಿದ್ಲು?"

ಬೆಳಗ್ಗೆ ನಾನು ತಿಂದದ್ದೇ ಬಾಯಿಗೆ ಬಂತು. "ಉಪ್ಪಿಟ್ಟು."

ದೊಡ್ಡಮ್ಮ "ಹೂಂ" ಎಂದು ಮೊರ ಎಳೆದುಕೊಂಡರು.

ಕೆಲವು ವರ್ಷಗಳ ಮೇಲೆ ಕಂಪನಿಯವರು ಹಳೆಯ ಕಥೆಯನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿದರು. ಪೆದ್ದನ ಹಾಗೆ ನಾನು ದೊಡ್ಡಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಗೇಮ್ ಹಾಕಿದೆ. ಮೊದಲ ದೃಶ್ಯದಲ್ಲೇ ತಾಯಿಯ ಸಾವು.

"ಇದು ಬೇರೆ ಜನ್ಮ ದೊಡ್ಡಮ್ಮ..." ಎಂದು ತಡವರಿಸಿದೆ.

"ಸುಮ್ನಿರೋ. ನಂಗೆ ಆವತ್ತೇ ಗೊತ್ತಾಯ್ತು. ಅಷ್ಟು ವರ್ಷ ಆದ್ಮೇಲೆ ಬಂದ ಮಗನಿಗೆ ಯಾವ ತಾಯಿ ಉಪ್ಪಿಟ್ಟು ಮಾಡ್ತಾಳೆ?"

ನನ್ನ ಸುಳ್ಳನ್ನು ಅಷ್ಟು ವರ್ಷ ಅವರು ಸುಮ್ಮನೆ ಕಾಪಾಡಿದ್ದರು.

ಇವತ್ತು ತಟ್ಟೆಯ ಉಪ್ಪಿಟ್ಟು ಮುಟ್ಟುವ ಮೊದಲು ನಜರ್‌ಬಾದಿನ ತಮ್ಮ ಮಗಳ ಮನೆಯಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

"ಬರ್ಲಿ, ನೀನೇ ಆಡಿ ನೋಡು" ಎಂದರು. "ಅವ್ರಮ್ಮ ಇರ್ಲಿ, ಇಲ್ದೆ ಹೋಗ್ಲಿ, ನನ್ ಹತ್ರ ಮಾತ್ರ ಮಗನಿಗೆ ಒಬ್ಬಟ್ಟು ಮಾಡಿದ್ಲು ಅಂತಲೇ ಹೇಳು ಕಣೋ."