ಹಾಲುಮನೆಯ ಗೋಡೆ ಕಿತ್ತ ಮೇಲೆ

ನನ್ನ ಓದು ಕೆಟ್ಟಿದ್ದು ಒಂದು ಹಲಗೆಗೋಡೆಯಿಂದ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮ ಹಟ್ಟಿಯ ಶಾಲೆ ಸಾಲುಮನೆಗಳ ತುದಿಯಲ್ಲಿ, ಯಾರೂ ವಾಸವಿಲ್ಲದ ಮನೆಯೊಂದರಲ್ಲಿ ನಡೆಯುತ್ತಿತ್ತು. ಮುಂದಿನ ಕೋಣೆಯಲ್ಲಿ ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುವಂತೆ ಕೂರುತ್ತಿದ್ದೆವು. ಹಲಗೆಗೋಡೆಯ ಆಚೆಗೆ ಹಾಗೋಟು, ಅಂದರೆ ಹಾಲುಮನೆ. ನಮ್ಮಲ್ಲಿ ಹಾಲು ಕರೆಯುವುದು, ಕಾಪಿಡುವುದು ಎಲ್ಲ ಗಂಡಸರ ಕೆಲಸ; ಹೆಂಗಸರು ಅಲ್ಲಿ ಕಾಲಿಡುವಂತಿಲ್ಲ. ಆ ಮನೆ ಹಾಲು ಕಂಡು ಎಷ್ಟೋ ವರ್ಷವಾಗಿತ್ತು, ಆದರೂ ಕಟ್ಟುಪಾಡು ಬಿಟ್ಟಿರಲಿಲ್ಲ. ಶಾಲೆಗೆ ಬರುವ ಹುಡುಗಿ ನಾನೊಬ್ಬಳೇ. "ಓದು ನಡೆಯೋವರೆಗೂ ನಿನ್ನ ಮದುವೆ ಮಾತಿಲ್ಲ" ಎಂದು ಅಪ್ಪ ಹೇಳಿದ್ದ. ಆ ಒಂದು ಮಾತನ್ನು ನೆಚ್ಚಿಕೊಂಡೇ ನಾನಿದ್ದೆ.

ಮೇಷ್ಟ್ರು ಮೈಸೂರು ಸೀಮೆಯವರು. ಒಳ್ಳೆಯವರೇ, ಆದರೆ ಸುಮ್ಮನೆ ಕೂರುವ ಆಸಾಮಿಯಲ್ಲ. ಚಿಕ್ಕವರು ಒಂದು ಮೂಲೆಯಲ್ಲಿ ಮರಳಿನ ಮೇಲೆ ತಿದ್ದಬೇಕು, ದೊಡ್ಡವರು ಬೆಳಕಿನಲ್ಲಿ ಕೂತು ಓದಬೇಕು, ಬೆಂಚುಗಳನ್ನು ಬೇಕಾದ ಹಾಗೆ ಎಳೆದಾಡುವಂತಿರಬೇಕು ಎಂದು ಅವರ ಆಸೆ. ಹಟ್ಟಿಯವರೆಲ್ಲ ಪಕ್ಕದ ಹಟ್ಟಿಯ ಸಾವಿಗೆ ಹೋಗಿದ್ದ ದಿನ, ಯಾರನ್ನೂ ಒಂದು ಮಾತು ಕೇಳದೆ, ಹಲಗೆಗಳನ್ನೆಲ್ಲ ಕಿತ್ತು ಹಿಂದಿನ ಗೋಡೆಯಲ್ಲಿ ಕಿಟಕಿ ಕೊರೆಸಿಬಿಟ್ಟರು. ಮರುದಿನ ಹೋಗಿ ನೋಡಿದರೆ ಒಳಗೆಲ್ಲ ಬಿಸಿಲು. ಅಬ್ಬಾ, ಎಷ್ಟು ಚೆನ್ನಾಗಿತ್ತು! ಹೊಸ್ತಿಲಲ್ಲೇ ನನ್ನ ಅಜ್ಜ, ಹಟ್ಟಿಯ ಗೌಡ, ನನ್ನ ರಟ್ಟೆ ಹಿಡಿದ.

"ಒಳಗೆ ಹೋಗಬೇಡ, ಕೂಸೇ."

"ಅಯ್ಯೋ ಗೌಡ್ರೇ, ಖಾಲಿ ಬಿದ್ದಿದ್ದ ಕತ್ತಲೆ ಕೋಣೆ ಕಣ್ರೀ ಅದು!" ಎಂದರು ಮೇಷ್ಟ್ರು.

"ಗೋಡೆ ಇದ್ದಾಗ ಹಾಲುಮನೆ ಆಚೆಗಿತ್ತು. ಈಗ ಎಲ್ಲವೂ ಹಾಲುಮನೆ."

"ನಾಳೆನೇ ಹಲಗೆ ಬಡಿಸ್ತೀನಿ, ಆಯ್ತಾ?"

"ಬಡಿಸು. ಒಂದಾಗಿ ಹೋದದ್ದು ಮತ್ತೆ ಎರಡಾಗುತ್ತಾ?" ಎಂದ ಅಜ್ಜ.

ಆದರೂ ಮೇಷ್ಟ್ರು ಸೋಲಲಿಲ್ಲ. ಬೆಂಚು, ಕಪ್ಪುಹಲಗೆ ಎಲ್ಲ ಹೊರಿಸಿಕೊಂಡು ಬಂದು ಮನೆ ಮುಂದಿನ ಹುಲ್ಲಿನ ಮೇಲೆ ಶಾಲೆ ಹೂಡಿದರು. ಬಿಸಿಲು ಸರಿದ ಹಾಗೆ ನಾವೂ ಬೆಂಚು ಸರಿಸುತ್ತಿದ್ದೆವು. ಒಂದು ದಿನ ಸುತ್ತ ಕೂತು ಓದು, ಇನ್ನೊಂದು ದಿನ ಕಲ್ಲುಗಳನ್ನು ಜೋಡಿಸಿ ಲೆಕ್ಕ. ನಾನು ಕಲಿತದ್ದೆಲ್ಲ ಆಗಲೇ. ಹುಡುಗರು ತಡವರಿಸುವ ಪಾಠವನ್ನು ನಾನು ಗಡಗಡ ಓದುತ್ತಿದ್ದೆ, ಸೊಕ್ಕು ಬೇರೆ!

ಆಮೇಲೆ ಮುಂಗಾರು ಹಿಡಿಯಿತು. ನಮ್ಮ ಬೆಟ್ಟದ ಮಳೆಗೆ ಗಾಳಿಯೂ ಜೊತೆ. ಬಯಲಲ್ಲಿ ನಿಲ್ಲುವುದೇ ಕಷ್ಟ. ಬೆಂಚುಗಳು ಒಳಗೆ ಹೋದವು, ಹುಡುಗರೂ ಹೋದರು. ನಾನು ಕಂಬಳಿ ಹೊದ್ದು ಸೂರಿನ ಕೆಳಗೆ ನಿಂತು ಕೇಳಿಸಿಕೊಂಡೆ. ಮೇಷ್ಟ್ರು ಒಳಗಿಂದ ಕೂಗಿ ಕೂಗಿ ಹೇಳುತ್ತಿದ್ದರು, ಪಾಪ, ಗಂಟಲು ಕಟ್ಟುವವರೆಗೂ. ಕೊನೆಗೆ ನನಗೆ ಜ್ವರ ಬಂತು. "ಇನ್ನು ಸಾಕು" ಎಂದ ಅಪ್ಪ. ಜ್ವರ ಬಿಡುವುದರೊಳಗೆ ಗಂಡಿನ ಕಡೆಯವರು ಬಂದು ಹೋಗಿದ್ದರು. ನಾನು ಅತ್ತು ಕರೆದು ಊಟ ಬಿಟ್ಟೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಗೆ ಮುಂಚೆ ಒಂದು ದಿನ ನೀರು ಹೊತ್ತು ಶಾಲೆಯ ಮುಂದೆ ಬರುತ್ತಿದ್ದೆ. ಒಳಗೆ ಒಬ್ಬ ಹುಡುಗ ಪಾಠದ ನಡುವೆ ತಡವರಿಸಿ ನಿಂತ. ಮುಂದಿನ ಸಾಲು ನನಗೆ ಬಾಯಿಪಾಠ. ತಡೆಯಲಾರದೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿಯೇಬಿಟ್ಟೆ. ಮೇಷ್ಟ್ರು ತಲೆಯೆತ್ತಿ ನನ್ನನ್ನೇ ನೋಡಿದರು. ಆಮೇಲೆ ಹುಡುಗನ ಕಡೆ ತಿರುಗಿ, "ಹೂಂ, ಮುಂದೆ ಓದು" ಎಂದರು.