ಮಗನ ಹರಕೆ ನನ್ನ ಮೇಲೆ ಬಂತು

ಭೈರವಸ್ವಾಮಿಯ ಭಕ್ತರೆಲ್ಲರಿಗೂ ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ನನ್ನ ಮಗ ಉಮೇಶನ ಗಂಟಲಲ್ಲಿ ಈಗ ಕ್ಯಾನ್ಸರ್ ಇಲ್ಲ! ನಿನ್ನೆ ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೊಳವೆ ಬಿಟ್ಟು ನೋಡಿ, "ಐದು ವರ್ಷ ಆಯಿತಲ್ಲ ಅಮ್ಮಾ, ಇನ್ನು ಗುಣವಾಯಿತು ಅಂತಲೇ ತಿಳಿಯಿರಿ" ಎಂದರು. ನಾನು ನಾಲ್ಕನೇ ಕ್ಲಾಸು ಓದಿದ ಮುದುಕಿ. ಸಂತೋಷ ತಡೆಯಲಾರದೆ ಮೊಮ್ಮಗಳ ಪೆನ್ನು ಇಸಕೊಂಡು ಬರೆಯುತ್ತಿದ್ದೇನೆ. ತಪ್ಪಿದ್ದರೆ ನೀವೇ ಸರಿ ಮಾಡಿ ಓದಿಕೊಳ್ಳಿ.

ನಮ್ಮ ಮನೆ ಬಣಕಲ್ ಹತ್ತಿರ. ಉಮೇಶ ಬಾಡಿಗೆ ಜೀಪು ಓಡಿಸುತ್ತಾನೆ. 2001ರ ಮಳೆಗಾಲದಲ್ಲಿ ಅವನ ಸ್ವರ ಒಡೆಯಿತು. ಶೀತ ಅಂದುಕೊಂಡು ಕರಿಮೆಣಸಿನ ಕಷಾಯ ಕುಡಿಸಿದೆವು. ಮಳೆ ನಿಂತರೂ ಸ್ವರ ಬರಲಿಲ್ಲ. ಮಂಗಳೂರಿನಲ್ಲಿ ತೋರಿಸಿದಾಗ ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ ಎಂದರು. ಕರೆಂಟ್ ಕೊಡಬೇಕು, ಅಂದರೆ ಯಂತ್ರದ ಕಿರಣ ಬಿಟ್ಟು ಗೆಡ್ಡೆ ಸುಡಬೇಕು, ಅದಕ್ಕೂ ಬಗ್ಗದಿದ್ದರೆ ಧ್ವನಿಪೆಟ್ಟಿಗೆಯನ್ನೇ ಕುಯ್ದು ತೆಗೆಯಬೇಕು ಎಂದರು.

ಉಮೇಶ ಹೆದರಿ, ನಮಗೆ ಯಾರಿಗೂ ಹೇಳದೆ ಸ್ವಾಮಿಗೆ ಹರಕೆ ಹೊತ್ತುಬಿಟ್ಟ. ಗುಣವಾಗುವ ತನಕ ಕೋಳಿ, ಮೀನು, ಮೊಟ್ಟೆ ಮುಟ್ಟುವುದಿಲ್ಲ, ಊಟ ಒಪ್ಪೊತ್ತು ಮಾತ್ರ. ಮೊದಲೇ ನುಂಗಲು ಕಷ್ಟಪಡುತ್ತಿದ್ದವನು ಇನ್ನೂ ಬಡಕಲಾದ. ಕರೆಂಟ್ ಕೊಡುವ ಮೊದಲು ರಕ್ತ ನೋಡಿದ ಡಾಕ್ಟರು ನನ್ನನ್ನು ಕರೆದರು.

"ಇವರಿಗೆ ರಕ್ತ ತುಂಬಾ ಕಡಿಮೆ ಉಂಟು. ರಕ್ತ ಚೆನ್ನಾಗಿದ್ದು ಗೆಡ್ಡೆಗೆ ಪ್ರಾಣವಾಯು ತಲುಪಿದರೆ ಕರೆಂಟ್ ಅದನ್ನು ಸುಡುತ್ತದೆ. ರಕ್ತ ಕಡಿಮೆ ಇದ್ದರೆ ಗೆಡ್ಡೆ ತಡೆದುಕೊಳ್ಳುತ್ತದೆ. ಯಾರಿಗೆ ಗುಣವಾದೀತು ಅಂತ ಅಂದಾಜು ಮಾಡುವಾಗ ನಾವು ನೋಡುವ ಗುರುತುಗಳಲ್ಲಿ ಇದೂ ಒಂದು. ರಕ್ತ ಹಾಕುತ್ತೇವೆ, ಮಾತ್ರೆ ಕೊಡುತ್ತೇವೆ. ಆದರೆ ಅವರು ತಿನ್ನಬೇಕು. ಮೊಟ್ಟೆ, ಮಾಂಸ, ಸೊಪ್ಪು, ಎಲ್ಲ."

ಸೊಸೆ ಸುಜಾತ ಮೊಟ್ಟೆ ಸುಲಿದು ಕೊಟ್ಟರೆ ಅವನು ಗೋಡೆ ಕಡೆ ತಿರುಗಿ ಮಲಗಿದ. "ಹರಕೆ ಮುರಿದ್ರೆ ಸ್ವಾಮಿ ಬಿಡ್ತಾನಾ ಅವ್ವಾ? ಇರೋ ಚೂರು ಸ್ವರಾನೂ ಕಿತ್ಕೊಳ್ತಾನೆ," ಎಂದು ಪಿಸುಗುಟ್ಟಿದ.

"ಸ್ವಾಮಿ ಏನು ಘಾಟಿ ತಿರುವಲ್ಲಿ ನಿಂತಿರೋ ಪೊಲೀಸಾ, ಜೀಪು ತಡೆದು ದಂಡ ಹಾಕೋಕೆ?" ಎಂದು ಸುಜಾತ ರೇಗಿದಳು. ರೇಗಿ, ಆಮೇಲೆ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ನಾನು ವಾರ್ಡಿನ ಹೊರಗೆ ಕೂತು ಅತ್ತೆ. ಹರಕೆ ನಡೆಸಿದರೆ ರಕ್ತ ಏರುವುದಿಲ್ಲ. ಮುರಿಸಿದರೆ ಅವನ ಧೈರ್ಯವೇ ಹೋಗುತ್ತದೆ. ಅತ್ತು ಮುಗಿದ ಮೇಲೆ ಒಂದು ಮಾತು ಗಟ್ಟಿ ಮಾಡಿಕೊಂಡೆ: ಹೊತ್ತದ್ದು ಸ್ವಾಮಿಯ ಮುಂದೆ, ಇಳಿಸಿಕೊಳ್ಳುವುದೂ ಸ್ವಾಮಿಯ ಮುಂದೆಯೇ.

ಮರುದಿನ ಮೊದಲ ಬಸ್ಸಿಗೆ ಚಾರ್ಮಾಡಿ ಘಾಟಿ ಹತ್ತಿ ಊರಿಗೆ ಬಂದೆ. ಪೂಜಾರಿ ಮಂಜಣ್ಣ ಸ್ವಾಮಿಗೆ ಹೂ ಏರಿಸಿದ. "ನನ್ನ ಮಗನ ಹರಕೆ ಬಿಟ್ಟುಕೊಡು, ಒಪ್ಪಿಗೆಯಾದರೆ ಬಲಗಡೆ ಹೂ ಕೊಡು," ಎಂದು ಕೇಳಿದೆ. ಒಂದು ಎಸಳೂ ಅಲುಗಲಿಲ್ಲ.

"ಅಪ್ಪಣೆ ಆಗ್ಲಿಲ್ಲ ಗೌರಕ್ಕ. ನಾಳೆ ಬನ್ನಿ," ಎಂದ ಮಂಜಣ್ಣ.

"ನಾಳೆ ಅಂದ್ರೆ ಯಾರ ನಾಳೆ ಮಾರಾಯ? ನಾನು ಏಳಲ್ಲ."

"ಮಧ್ಯಾಹ್ನ ಬಾಗಿಲು ಹಾಕ್ಬೇಕಲ್ಲ?"

"ಹಾಕು. ನನ್ನನ್ನೂ ಒಳಗೇ ಸೇರಿಸಿ ಹಾಕು."

ಅವನು ತಲೆ ಚಚ್ಚಿಕೊಂಡು ಅಲ್ಲೇ ಕೂತ. ಬಹಳ ಹೊತ್ತು ಸ್ವಾಮಿಯ ಮುಖವನ್ನೇ ನೋಡುತ್ತಿದ್ದವಳಿಗೆ ಹೊಳೆಯಿತು. ಕೊಟ್ಟ ಮಾತನ್ನು ಬಿಟ್ಟುಬಿಡು ಅಂದರೆ ಯಾವ ದೇವರು ಒಪ್ಪುತ್ತಾನೆ? ಮಾತು ನಡೆಸುವವರು ಒಬ್ಬರು ಬೇಕಲ್ಲ! "ಸ್ವಾಮೀ, ಹರಕೆ ಬಿಡಬೇಡ. ಅವನ ಮೇಲಿಂದ ತೆಗೆದು ನನ್ನ ಮೇಲೆ ಹಾಕು. ಅವನು ಗುಣವಾಗುವ ತನಕ ನಾನು ನಡೆಸುತ್ತೇನೆ," ಎಂದೆ. ಬಾಯಿ ಮುಚ್ಚುವ ಮೊದಲೇ ಬಲಭುಜದ ಮೇಲಿನ ಕೆಂಪು ದಾಸವಾಳ ಜಾರಿ ಬಿತ್ತು. ಮಂಜಣ್ಣನ ಕಣ್ಣಲ್ಲೂ ನೀರು.

ಆ ಹೂವನ್ನು ಸಂಜೆ ಮಂಗಳೂರಿಗೆ ವಾಪಸು ಹೋಗಿ ಉಮೇಶನ ಕೈಗಿಟ್ಟೆ. "ನಿನ್ನ ಹರಕೆ ಈಗ ನಂದು. ನೀನು ತಿನ್ನು," ಎಂದೆ. ಮಗುವಿನ ಹಾಗೆ ಅತ್ತ. ಆಮೇಲೆ ಮೊಟ್ಟೆ ತಿಂದ.

ರಕ್ತ ಹಾಕಿದರು, ಮಾತ್ರೆ ಕೊಟ್ಟರು, ಕರೆಂಟ್ ಶುರು ಮಾಡಿದರು. ಗಂಟಲು ಸುಟ್ಟು ಹುಣ್ಣಾದರೂ ಅವನು ಹಟ ಹಿಡಿದು ಸೂಪು ನುಂಗಿದ. ರಕ್ತ ಏರಿತು. ಡಾಕ್ಟರು ರಿಪೋರ್ಟ್ ನೋಡಿ, "ಈಗ ನಮಗೂ ಧೈರ್ಯ ಬಂತು" ಎಂದರು. ಗೆಡ್ಡೆ ಕರಗಿತು. ಸ್ವರ ಸ್ವಲ್ಪ ಒರಟು, ಆದರೆ ಅವನದೇ ಸ್ವರ.

ಇಷ್ಟು ವರ್ಷ ನಾನು ಹರಕೆ ನಡೆಸಿದೆ. "ಅತ್ತೆ, ನಿಮ್ಮ ರಕ್ತ ಇಳಿದ್ರೆ?" ಎಂದು ಸುಜಾತ ಬೈಯುತ್ತಿದ್ದಳು. "ನನಗೇನು ಕರೆಂಟ್ ಕೊಡ್ಬೇಕಾ? ಸುಮ್ನಿರು," ಎನ್ನುತ್ತಿದ್ದೆ. ಭಕ್ತರಲ್ಲಿ ಒಂದೇ ಮಾತು: ಕಾಯಿಲೆಯವರ ಹೊಟ್ಟೆ ಕಟ್ಟಿ ಹರಕೆ ಹೊರಬೇಡಿ. ಗಟ್ಟಿ ಇದ್ದವರು ಹೊರಿ. ಸ್ವಾಮಿ ಒಪ್ಪುತ್ತಾನೆ, ನಾನು ಕಂಡಿದ್ದೇನೆ.

ನಿನ್ನೆ ಬಸ್ಸಿಳಿದವರು ನೇರ ಗುಡಿಗೆ ಹೋಗಿ ಕಾಯಿ ಒಡೆಸಿ ಹರಕೆ ಒಪ್ಪಿಸಿದೆವು. ಸಂಜೆ ಸುಜಾತ ಕಡುಬು, ಕೋಳಿಸಾರು ಮಾಡಿದಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಉಮೇಶ ತಾನೇ ಸೌಟು ಹಿಡಿದು ಮೊದಲು ನನ್ನ ತಟ್ಟೆಗೆ ಬಡಿಸಿದ.

"ಅಜ್ಜಿ, ರುಚಿ ನೆನಪಿದ್ಯಾ?" ಎಂದಳು ಮೊಮ್ಮಗಳು.

"ತಿನ್ನೋಕೆ ಬಿಟ್ರೆ ಹೇಳ್ತೀನಿ," ಎಂದೆ. ಎಲ್ಲರೂ ನಕ್ಕರು. ಸ್ವಾಮಿಯನ್ನು ನೆನೆದು ತುತ್ತು ಬಾಯಿಗಿಟ್ಟೆ. ಎರಡನೇ ಕಡುಬನ್ನು ನಾನೇ ಕೇಳಿ ಹಾಕಿಸಿಕೊಂಡೆ.